ವಾಹನ ಪ್ರಶ್ನೋತ್ತರ: ಮೊದಲು ತುಕ್ಕು, ಆಮೇಲೆ ಅಲಾಯ್

ಪ್ರಶ್ನೆ: ನಮ್ಮಲ್ಲಿ 1996ರ ಕಾರ್ಬ್ಯುರೇಟರ್ ಮಾರುತಿ 800 ಇದೆ. ಮನೆ ಸಮುದ್ರಕ್ಕೆ ಹತ್ತಿರ. ಬಾಗಿಲ ಕೆಳಗಿನ ಸಿಲ್‌ನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಟಿಂಕರಿಂಗ್‌ನವರು ಪುಟ್ಟಿ ಹಚ್ಚಿ ಪೇಂಟ್ ಹೊಡೆದು, ಅಡಿಗೆ ಕಪ್ಪು ಕೋಟಿಂಗ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಅದು ಮುಗಿದ ಮೇಲೆ ಅಲಾಯ್ ವೀಲ್ ಹಾಕಿಸಬೇಕೆಂದಿದ್ದೇನೆ. (ವಾಸ್ಕೋ)

ಉತ್ತರ: ಅಲಾಯ್‌ಗೆಂದು ಇಟ್ಟ ದುಡ್ಡನ್ನು ಈ ವರ್ಷ ತಗಡಿಗೆ ಹಾಕಿ. ಸಿಲ್‌ನ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಸವೆದಿರುತ್ತದೆ. ನೀರು ಹರಿದುಹೋಗಲು ಅಡಿಯಲ್ಲಿ ಬಿಟ್ಟಿರುವ ತೂತುಗಳು ಮಣ್ಣಿನಿಂದ ಮುಚ್ಚಿ, ಉಪ್ಪಿನಂಶದ ತೇವ ಒಳಗೇ ನಿಲ್ಲುವುದೇ ಕಾರಣ. ಹಳೆಯ ಸ್ಕ್ರೂಡ್ರೈವರ್ ತುದಿಯಿಂದ ಗುಳ್ಳೆಯ ಸುತ್ತ ಒತ್ತಿ ನೋಡಿ. ಟಣ್ ಎಂದರೆ ಅಲ್ಲಿ ತಗಡು ಗಟ್ಟಿ ಇದೆ. ಸದ್ದಿಲ್ಲದೆ ತುದಿ ಒಳಗಿಳಿದರೆ ಪುಟ್ಟಿಗೆ ಹಿಡಿಯಲು ಅಲ್ಲಿ ಏನೂ ಉಳಿದಿಲ್ಲ, ಮುಂದಿನ ಮಳೆಗಾಲಕ್ಕೆ ಅದು ಉದುರುತ್ತದೆ. ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಹೊಡೆಯುವುದು ಇನ್ನೂ ಕೆಟ್ಟದ್ದು. ತೇವ ಒಳಗೇ ಸಿಕ್ಕಿಕೊಂಡು, ಕಣ್ಣಿಗೆ ಕಾಣದಂತೆ ತಿನ್ನುತ್ತಾ ಹೋಗುತ್ತದೆ.

ಕೊಳೆತ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಸಿ, 20 ಗೇಜ್ ತಗಡು ಬೆಸೆಸಿ. ಗ್ಯಾಸ್ ವೆಲ್ಡಿಂಗ್ ಬೇಡ, ತೆಳು ತಗಡು ಸೊಟ್ಟಗಾಗುತ್ತದೆ. ಮಿಗ್ (ತಂತಿ ತಾನೇ ಹರಿದುಬರುವ ವಿದ್ಯುತ್) ವೆಲ್ಡಿಂಗ್ ಇರುವಲ್ಲಿಗೇ ಹೋಗಿ; ಒಂದೇ ಸಮನೆ ಎಳೆಯದೆ, ಅಲ್ಲೊಂದು ಇಲ್ಲೊಂದು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕುತ್ತಾ ಬರಲಿ. ಅದಕ್ಕೂ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಮ್ಯಾಟು ತೆಗೆದು, ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ತಗಡಿನ ಮೇಲೆ ತಗಡು ಕೂರುವ ಕಡೆ ಜಿಂಕ್ ಪ್ರೈಮರ್, ಹೊರಗೆ ಎಪಾಕ್ಸಿ ಪ್ರೈಮರ್, ಸಂದಿಗೆ ಸೀಲರ್, ಆಮೇಲೆ ಬಣ್ಣ. ಕೊನೆಗೆ ಉದ್ದ ನಳಿಗೆಯಿಂದ ಸಿಲ್‌ನ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತೇವ ತಡೆಯುವ ಮೇಣ) ಹೊಡೆಸಿ. ಈ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಕೆಲಸ ಬಾಳುವುದು ಮಾತ್ರ ಅದರಿಂದಲೇ. ನೀರಿನ ತೂತುಗಳು ತೆರೆದೇ ಇರಲಿ. ತುಕ್ಕನ್ನು ಕಪ್ಪಾಗಿಸುವ ಕನ್ವರ್ಟರ್ ಮೇಲ್ಮೈ ತುಕ್ಕಿಗಷ್ಟೇ, ತೂತಿಗೆ ಅದು ಮದ್ದಲ್ಲ. ಜನವರಿಯಿಂದ ಏಪ್ರಿಲ್ ಒಳಗೆ ಮಾಡಿಸಿಕೊಳ್ಳಿ. ಜೂನ್ ನಂತರದ ಗೋವಾ ಹವೆಯಲ್ಲಿ ಪ್ರೈಮರ್ ಅಡಿಯೇ ತೇವ ಕೂರುತ್ತದೆ.

ಕಾರು ಲಿಫ್ಟ್ ಮೇಲಿರುವಾಗಲೇ ಪೆಟ್ರೋಲ್ ಹೋಸ್‌ಗಳನ್ನೂ ಹಿಸುಕಿ ನೋಡಿ. ಇಪ್ಪತ್ತು ಶೇಕಡಾ ಎಥನಾಲ್ ಇರುವ ಇ20 ಪೆಟ್ರೋಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಮೆತ್ತಗಾಗಿದ್ದರೂ ಬಿರುಕು ಬಿಟ್ಟಿದ್ದರೂ ಬದಲಿಸಿ. ಹೊಸ ಹೋಸ್ ಮೇಲೆ ಆರ್9 (ಎಥನಾಲ್ ತಡೆಯುವ ದರ್ಜೆಯ) ಗುರುತಿರಲಿ. ಟ್ಯಾಂಕಿನ ಹಳೆಯ ಕೊಳೆ ಸಡಿಲಗೊಂಡು ಬರುವುದರಿಂದ ಫಿಲ್ಟರನ್ನೂ ಬದಲಿಸಿ, 500 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಪ್ರಶ್ನೆ: ರಾತ್ರಿ ಘಾಟಿನಲ್ಲಿ ಹಳೆಯ ಸ್ಯಾಂಟ್ರೋದ ಹೆಡ್‌ಲೈಟ್ ಸಾಲುವುದಿಲ್ಲ. 100/90 ವ್ಯಾಟ್ (ಹೈ/ಲೋ ಬೀಮ್) ಬಲ್ಬ್ ಹಾಕಲೇ? (ನಿಗಡಿ, ಪುಣೆ)

ಉತ್ತರ: ಬೇಡ. ಕಾನೂನಿಗೂ ಒಪ್ಪದು, ಎದುರಿನವರ ಕಣ್ಣಿಗೂ ಆಗದು. ಎರಡು 60 ವ್ಯಾಟ್ ಬಲ್ಬ್ ಸುಮಾರು 10 ಆಂಪಿಯರ್ ಎಳೆದರೆ ಎರಡು 100 ವ್ಯಾಟ್‌ನವು 16 ದಾಟುತ್ತವೆ. ಮೂಲ ತಂತಿ ಕಾಯುತ್ತದೆ, ಹೋಲ್ಡರ್ ಕರಗುತ್ತದೆ.

ನಿಮ್ಮ ಬಲ್ಬಿಗೆ ವೋಲ್ಟೇಜ್ ಪೂರ್ತಿ ತಲುಪುತ್ತಿದೆಯೇ ಎಂದು ಮೊದಲು ನೋಡಿ. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿಯಲ್ಲೂ ಹೋಲ್ಡರಿನ ಹಿಂಭಾಗದಲ್ಲೂ ಮಲ್ಟಿಮೀಟರ್ ಹಿಡಿಯಿರಿ. ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಹ್ಯಾಲೋಜೆನ್ ಬೆಳಕು ಸುಮಾರು ಮೂವತ್ತು ಶೇಕಡಾ ಇಳಿಯುತ್ತದೆ. ವ್ಯತ್ಯಾಸ ಒಂದು ವೋಲ್ಟ್ ದಾಟಿದರೆ ಮೂಲ 60/55ರ ಬಲ್ಬನ್ನೇ ಇಟ್ಟುಕೊಂಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ, ಹೈಗೊಂದು, ಲೋಗೊಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ 2.5 ಚದರ ಮಿ.ಮೀ. ತಂತಿ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, 87ರಿಂದ ಬಲ್ಬಿಗೆ, ಹಳೆಯ ಹೋಲ್ಡರಿನ ತಂತಿ 86ಕ್ಕೆ, 85 ಅರ್ಥ್‌ಗೆ. ಅರ್ಥ್ ಕೊಡುವ ಜಾಗದ ಬಣ್ಣ ಕೆರೆಯದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಹಳದಿಗಟ್ಟಿದ ಗ್ಲಾಸ್ ಪಾಲಿಶ್ ಮಾಡಿಸಿ. ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದಾಗ ಲೋ ಬೀಮಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಬೀಳಬೇಕು.

ಪ್ರಶ್ನೆ: ಸ್ವಿಫ್ಟ್‌ನಲ್ಲಿ 165/80 ಆರ್14 ಟೈರ್ ಇದೆ. ಅಂಗಡಿಯವರು 195/55 ಆರ್16 ಅಲಾಯ್ ಹಾಕಿ, ಸ್ಪೀಡೋಮೀಟರ್ ವ್ಯತ್ಯಾಸವಾಗದು ಎನ್ನುತ್ತಾರೆ. (ಭಾಂಡುಪ್, ಮುಂಬೈ)

ಉತ್ತರ: ಸ್ಪೀಡೋಮೀಟರ್ ವಿಷಯದಲ್ಲಿ ಅವರ ಮಾತು ನಿಜ. 165/80 ಆರ್14 ಎಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ 80 ಶೇಕಡಾ, ರಿಮ್ 14 ಇಂಚು. ಆ ಲೆಕ್ಕದಲ್ಲಿ ಮೂಲ ವ್ಯಾಸ ಸುಮಾರು 620 ಮಿ.ಮೀ., ಹೊಸದು 621. ಆದರೆ ಟೈರಿನ ಪಕ್ಕದ ಗೋಡೆ 132ರಿಂದ 107 ಮಿ.ಮೀ.ಗೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಬಿದ್ದಾಗ ಏಟು ತಿನ್ನುವುದು ರಿಮ್ಮೇ. 185/65 ಆರ್15 ಹಾಕಿಸಿ: ವ್ಯಾಸ 621.5, ಗೋಡೆ 120. ಮುಂಬೈ ರಸ್ತೆಗೆ ಅಷ್ಟೇ ಸಾಕು. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಅಂಕಿ) ಹಳೆಯ ಟೈರಿನದಕ್ಕಿಂತ ಕಡಿಮೆ ಇರಬಾರದು.

ನಾಲ್ಕು ಬೋಲ್ಟಿನ 100 ಮಿ.ಮೀ. ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಹೊಂದಿದರಷ್ಟೇ ಸಾಲದು. ಸ್ವಿಫ್ಟ್ ಹಬ್ (ಚಕ್ರದ ನಡುವೆ ಕೂರುವ ಗುಂಬ) 54.1 ಮಿ.ಮೀ.; ಹೊರಗಿನ ಅಲಾಯ್‌ಗಳ ನಡುವಿನ ತೂತು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಆ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ ಹೆದ್ದಾರಿ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗದು. ನಟ್‌ಗಳನ್ನು 50–100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಪ್ರಶ್ನೆ: ಬಿಳಿ ಕಾರನ್ನು ಕಪ್ಪು ಮಾಡಿಸಿದರೆ ಆರ್‌ಟಿಒಗೆ ತಿಳಿಸಬೇಕೇ? (ಪೋಂಡಾ)

ಉತ್ತರ: ಹೌದು. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಮೊದಲು ಅರ್ಜಿ, ಆಮೇಲೆ ಪೇಂಟ್. ಹೊಸ ಬಣ್ಣ ನಮೂದಾದ ಆರ್‌ಸಿಯ ಪ್ರತಿಯನ್ನು ವಿಮಾ ಕಂಪನಿಗೂ ಕಳಿಸಿ.