ಬಾಗಲಕೋಟೆಯಲ್ಲಿ ಹಡಗಿನ ಮಾದರಿ ಸಂಘ: ಮೊದಲ ವರ್ಷ ಏನು ಮಾಡಬೇಕು?

ನವನಗರದ ಗೆಳೆಯರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನೀವು ಆರು ಜನ ಸೇರಿದ್ದೀರಿ. ಒಬ್ಬರು ಮೂರು ಕೂವೆಮರಗಳ (ಹಾಯಿ ಕಟ್ಟುವ ಕಂಬಗಳ) ಹಾಯಿಹಡಗಿನ ದುಬಾರಿ ವಿದೇಶಿ ಕಿಟ್ ತರಿಸಿದ್ದಾರೆ, ಇಬ್ಬರು ಪ್ಲಾಸ್ಟಿಕ್ ಯುದ್ಧನೌಕೆಗಳನ್ನು ಮಾಡುವವರು, ಉಳಿದವರು ಹೊಸಬರು. ಭಾನುವಾರ ಸೇರಿದಾಗ ಏನು ಮಾಡಬೇಕು, ಸಾಮಾನು ಎಲ್ಲಿ ಸಿಗುತ್ತದೆ, ವರ್ಷದೊಳಗೆ ಪ್ರದರ್ಶನ ಇಡಬಹುದೇ ಎಂದು ಕೇಳಿದ್ದೀರಿ. ಬೆಳಗಾವಿಯಲ್ಲಿ ನಾವು ಕೆಲವರು ಇದೇ ಕೆಲಸದಲ್ಲಿ ಇದ್ದೇವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ಮಾತು, ಆ ಕಿಟ್ಟಿನ ಪೆಟ್ಟಿಗೆಯನ್ನು ಸದ್ಯಕ್ಕೆ ಕಪಾಟಿನಲ್ಲಿಯೇ ಇರಲು ಬಿಡಿ. ಅದನ್ನು ಸಂಘದ ಮೇಜಿನ ಮೇಲೆ ಬಿಚ್ಚಿದರೆ ಒಬ್ಬರು ಕಟ್ಟುತ್ತಾರೆ, ಐವರು ನೋಡುತ್ತಾ ಕೂರುತ್ತಾರೆ. ನೋಡುತ್ತಾ ಕೂತವರು ಹೆಚ್ಚು ದಿನ ಬರುವುದಿಲ್ಲ. ಇಂಥ ಗುಂಪು ಉಳಿಯುವುದು ಎಲ್ಲರ ಕೈಯಲ್ಲೂ ಒಂದೇ ಕೆಲಸ, ಒಂದೇ ಹಂತದಲ್ಲಿ ಇದ್ದಾಗ. ಪಕ್ಕದವರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬುದು ಆಗ ತಾನಾಗಿಯೇ ಅರ್ಥವಾಗುತ್ತದೆ, ಏಕೆಂದರೆ ನಿಮ್ಮ ಕೆಲಸವೂ ಅಲ್ಲಿಯೇ ನಿಂತಿರುತ್ತದೆ.

ಆ ಮೊದಲ ಕೆಲಸ ಅರ್ಧ ಒಡಲಿನ ಮಾದರಿಯಾಗಿರಲಿ. ಹಡಗನ್ನು ಉದ್ದಕ್ಕೆ ಸೀಳಿದಂತೆ ಒಂದೇ ಬದಿಯನ್ನು ಮಾಡಿ ಹಲಗೆಯ ಮೇಲೆ ಕೂರಿಸುವುದು. ಕೂವೆಮರ, ಹಗ್ಗ, ತೋಪು ಯಾವುದೂ ಬೇಡ. ಆದರೆ ಹಡಗಿನ ನಕ್ಷೆ ಓದುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಬೇರೆ ಕೆಲಸ ನನಗೆ ಗೊತ್ತಿಲ್ಲ. ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ ಕಂಡದ್ದು, ಮೇಲಿನಿಂದ ಕಂಡ ಅರ್ಧ ಅಗಲ, ಅಡ್ಡಕೊಯ್ತಗಳು. ಅಡ್ಡಕೊಯ್ತದ ಚಿತ್ರದಲ್ಲಿ ಸಾಮಾನ್ಯವಾಗಿ ಬಲಕ್ಕೆ ಮುಂಭಾಗದ, ಎಡಕ್ಕೆ ಹಿಂಭಾಗದ ರೇಖೆಗಳಿರುತ್ತವೆ. ಹೊಸಬರು ಅದನ್ನೇ ಇಡೀ ಹಡಗಿನ ಒಂದು ಕೊಯ್ತವೆಂದು ತಿಳಿದು ಗಲಿಬಿಲಿಗೊಳ್ಳುತ್ತಾರೆ. ಮೊದಲ ಭಾನುವಾರವನ್ನು ಈ ಮೂರು ಚಿತ್ರಗಳನ್ನು ಹೊಂದಿಸಿ ನೋಡುವುದಕ್ಕೆ ಮೀಸಲಿಡಿ.

ಒಡಲನ್ನು ಪದರ ಪದರವಾಗಿ ಕಟ್ಟಿ. ಅರ್ಧ ಅಗಲದ ಚಿತ್ರದ ಒಂದೊಂದು ನೀರ್ಗೆರೆಯನ್ನೂ, ಅಂದರೆ ಒಂದೊಂದು ಎತ್ತರದಲ್ಲಿ ಒಡಲನ್ನು ಅಡ್ಡಡ್ಡ ಸೀಳಿದರೆ ಕಾಣುವ ಅಂಚಿನ ಗೆರೆಯನ್ನೂ, ಒಂದೊಂದು ಹಲಗೆಯ ಮೇಲೆ ಇಳಿಸಿಕೊಳ್ಳಬೇಕು. ಎರಡು ನೀರ್ಗೆರೆಗಳ ನಡುವಿನ ಅಂತರವೇ ಹಲಗೆಯ ದಪ್ಪ. ಕತ್ತರಿಸಿ, ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಒತ್ತಿಟ್ಟರೆ ಮೆಟ್ಟಿಲು ಮೆಟ್ಟಿಲಾದ ಒಡಲು ಸಿಗುತ್ತದೆ. ಮೆಟ್ಟಿಲಿನ ಒಳಮೂಲೆಗೆ ಪೆನ್ಸಿಲ್ ಗೀರು ಹಾಕಿ, ಉಳಿ ಮತ್ತು ರಂದಾದಿಂದ ಕೆತ್ತುತ್ತಾ ಬನ್ನಿ. ಗೀರು ಮಾಯವಾಗುವ ಹೊತ್ತಿಗೆ ಕೈ ನಿಲ್ಲಿಸಬೇಕು. ಒಂದು ಪದರ ತಿಳಿಬಣ್ಣದ ಮರ, ಇನ್ನೊಂದು ಗಾಢಬಣ್ಣದ ಮರ ಬಳಸಿದರೆ ನೀರ್ಗೆರೆಗಳು ಕೊನೆಯವರೆಗೂ ಕಣ್ಣಿಗೆ ಕಾಣುತ್ತವೆ, ಎಲ್ಲಿ ಹೆಚ್ಚು ಕೆತ್ತಿದ್ದೀರಿ ಎಂದು ತಕ್ಷಣ ತಿಳಿಯುತ್ತದೆ. ಅಡ್ಡಕೊಯ್ತಗಳನ್ನು ರಟ್ಟಿನಲ್ಲಿ ಕತ್ತರಿಸಿ, ಒಡಲಿಗೆ ಹಿಡಿದು ಬೆಳಕಿನ ಎದುರು ನೋಡಿ. ಸಂದಿನಲ್ಲಿ ಬೆಳಕು ನುಸುಳಬಾರದು.

ಈ ಪದರದ ವಿದ್ಯೆಯನ್ನು ನಾವು ಕಲಿತದ್ದು ಹಡಗು ಕಟ್ಟುವವರಿಂದಲ್ಲ, ಬೆಳಗಾವಿಯ ಉದ್ಯಮಬಾಗ್ ಕಡೆಯ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬೇಕಾದ ಮರದ ಮಾದರಿ) ಮಾಡಿಕೊಡುವ ಬಡಿಗರಿಂದ. ಡೊಂಕು ಮೇಲ್ಮೈಯನ್ನು ರಟ್ಟಿನ ಅಚ್ಚಿಗೆ ಸರಿಯಾಗಿ ಇಳಿಸುವುದರಲ್ಲಿ ಅವರ ಕೈ ಪಳಗಿದೆ. ನಿಮ್ಮ ಕಡೆ ಅಂಥವರು ಯಾರಾದರೂ ಇದ್ದರೆ ಒಂದು ಭಾನುವಾರ ಕರೆಯಿರಿ, ಗೌರವದಿಂದ ಕೇಳಿ ಕಲಿಯಿರಿ. ಒಂದು ಎಚ್ಚರಿಕೆ: ಅವರ ಅಳತೆಪಟ್ಟಿಯನ್ನು ಮಾತ್ರ ಎರವಲು ತರಬೇಡಿ. ಎರಕದ ಕಬ್ಬಿಣ ಆರುವಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅದನ್ನು ತುಂಬಿಕೊಡಲು ಆ ಪಟ್ಟಿಯ ಗೆರೆಗಳನ್ನೇ ಸ್ವಲ್ಪ ಹಿಗ್ಗಿಸಿ ಕೊರೆದಿರುತ್ತಾರೆ.

ಯಾವ ಹಡಗು ಎಂದರೆ, ನನ್ನ ಆಯ್ಕೆ ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿ ಎಂಬ ಸರಕಿನ ಹಾಯಿನಾವೆ. ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪ್ಯಾರಿಸ್ 1840ರ ದಶಕದಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಿ ಭಾರತದ ಕರಾವಳಿಯ ನಾವೆಗಳಿವೆ, ಪತ್ತೆಮಾರಿಯೂ ಇದೆ. ಅವುಗಳ ಹಕ್ಕಿನ ಅವಧಿ ಮುಗಿದು ಬಹಳ ಕಾಲವಾಗಿರುವುದರಿಂದ ಹಂಚಿಕೊಳ್ಳಲು ತೊಂದರೆಯಿಲ್ಲ. ಮಾರಾಟದ ನಕ್ಷೆಗಳ ವಿಷಯ ಬೇರೆ. ಒಬ್ಬರು ಕೊಂಡು ಆರು ಜನ ಜೆರಾಕ್ಸ್ ಮಾಡಿಕೊಳ್ಳುವ ಅಭ್ಯಾಸವನ್ನು ಸಂಘದೊಳಗೆ ಬಿಡಬೇಡಿ, ಅದನ್ನು ಬರೆದವರ ದುಡಿಮೆ ಅದು.

ಪ್ರಮಾಣದ ಬಗ್ಗೆ ಒಂದು ಅಭ್ಯಾಸ ಮಾಡಿಸಿ. 1:48 ಎಂದರೆ ಮಾದರಿ ನಿಜವಾದ ಅಳತೆಯ 48ರಲ್ಲಿ ಒಂದು ಪಾಲು. 1.7 ಮೀಟರ್ ಎತ್ತರದ ಮನುಷ್ಯನನ್ನು ರಟ್ಟಿನಲ್ಲಿ ಕತ್ತರಿಸಿ: 1:48ಕ್ಕೆ ಸುಮಾರು 35 ಮಿಲಿಮೀಟರ್, 1:100ಕ್ಕೆ 17, 1:350ಕ್ಕೆ 5ರಷ್ಟು, 1:700ಕ್ಕೆ ಎರಡೂವರೆಗಿಂತ ಕಡಿಮೆ. ಈ ರಟ್ಟಿನ ಮನುಷ್ಯ ಸದಾ ಮೇಜಿನ ಮೇಲಿರಲಿ. ಕಟಕಟೆ ಅವನ ಎದೆಯ ಮಟ್ಟಕ್ಕೆ ಬಂದಿದೆಯೇ, ಬಾಗಿಲಲ್ಲಿ ಅವನು ನುಸುಳುತ್ತಾನೆಯೇ ಎಂದು ಹಿಡಿದು ನೋಡಿದರೆ ಅಳತೆಯ ಅರ್ಧದಷ್ಟು ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಇಡೀ ಹಡಗಿನ ಗಾತ್ರವನ್ನೂ ಮೊದಲೇ ಲೆಕ್ಕ ಹಾಕಿ. 262 ಮೀಟರ್ ಉದ್ದದ ಹೊಸ ವಿಮಾನವಾಹಕ ನೌಕೆ ವಿಕ್ರಾಂತ್ 1:700ರಲ್ಲಿ 37 ಸೆಂಟಿಮೀಟರ್ ಆದರೆ 1:350ರಲ್ಲಿ 75 ಆಗುತ್ತದೆ, ಮನೆಯ ಕಪಾಟಿಗೆ ಹಿಡಿಸುವುದಿಲ್ಲ.

ಅರ್ಧ ಒಡಲು ಮುಗಿದ ಮೇಲೆ ಕಿಟ್ಟಿನ ಪೆಟ್ಟಿಗೆ ತೆರೆಯಿರಿ. ಆಗ ಎಲ್ಲರೂ ಮೈಯೆಲ್ಲ ಕಿವಿಯಾಗಿ ಕಲಿಯಬೇಕಾದ ಪಾಠ ಪಟ್ಟಿ ಹೊದಿಸುವುದು, ಅಂದರೆ ಒಡಲಿನ ಆಕಾರಕ್ಕೆ ಸಾಲಾಗಿ ನಿಲ್ಲಿಸಿದ ಅಡ್ಡಹಲಗೆಗಳ ಮೇಲೆ ತೆಳು ಮರದ ಪಟ್ಟಿಗಳನ್ನು ಅಂಟಿಸುವುದು. ಇದರಲ್ಲಿ ಹಾಳಾಗುವಷ್ಟು ಮಾದರಿಗಳು ಬೇರೆ ಯಾವುದರಲ್ಲೂ ಹಾಳಾಗುವುದಿಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಒಡಲಿನ ಸುತ್ತಳತೆ ನಡುವಿನಲ್ಲಿ ಹೆಚ್ಚು, ಮುಂಭಾಗದಲ್ಲಿ ಕಡಿಮೆ. ಪಟ್ಟಿಯ ಅಗಲ ಮಾತ್ರ ಎಲ್ಲ ಕಡೆ ಒಂದೇ. ಹಾಗಾಗಿ ಪಟ್ಟಿಗಳನ್ನು ಇದ್ದಂತೆಯೇ ಅಂಟಿಸುತ್ತಾ ಹೋದರೆ ಮುಂಭಾಗದಲ್ಲಿ ಅವು ಒಂದರ ಮೇಲೊಂದು ಏರುತ್ತವೆ. ಒಂದು ಕಾಗದದ ಪಟ್ಟಿಯನ್ನು ನಡುವಿನ ಅಡ್ಡಹಲಗೆಯ ಒಂದು ಬದಿಯ ಅಂಚಿಗೆ ಸುತ್ತಿ ಅಳೆಯಿರಿ. 100 ಮಿಲಿಮೀಟರ್ ಬಂತು, ಪಟ್ಟಿ 5 ಮಿಲಿಮೀಟರ್ ಅಗಲದ್ದು ಎಂದರೆ ಒಂದು ಬದಿಗೆ 20 ಪಟ್ಟಿ. ಮುಂಭಾಗದಲ್ಲಿ ಅಳೆದಾಗ 60 ಬಂದರೆ ಅಲ್ಲಿ ಪ್ರತಿ ಪಟ್ಟಿಯೂ 3 ಮಿಲಿಮೀಟರಿಗೆ ಸಣ್ಣದಾಗಬೇಕು. ಅದನ್ನು ಅಂಟಿಸುವ ಮೊದಲೇ ಚಾಕುವಿನಿಂದ ಸಣ್ಣಗೊಳಿಸಿಕೊಳ್ಳಬೇಕು. ಮುಂಭಾಗದಲ್ಲಿ 40 ಮಾತ್ರ ಬಂದರೆ ಪಾಲು 2 ಆಗುತ್ತದೆ, ಮೂಲ ಅಗಲದ ಅರ್ಧಕ್ಕಿಂತ ಕಡಿಮೆ. ಅಷ್ಟು ಚೂಪಾದ ತುದಿ ನಿಲ್ಲುವುದಿಲ್ಲ. ಅಲ್ಲಿ ಎರಡು ಪಟ್ಟಿಗಳನ್ನು ಒಂದಾಗಿಸಿ ಲೆಕ್ಕ ಕಡಿಮೆ ಮಾಡಬೇಕು. ಹಿಂಭಾಗದ ಕೆಳಗಡೆ ಇದಕ್ಕೆ ತದ್ವಿರುದ್ಧ, ಅಲ್ಲಿ ಸುತ್ತಳತೆ ಹಿಗ್ಗುವುದರಿಂದ ನಡುವೆ ಹೆಚ್ಚುವರಿ ತುಂಡು ಪಟ್ಟಿ ಸೇರಿಸಬೇಕಾಗುತ್ತದೆ. ಸೀರೆಯ ನಿರಿಗೆ ಹಿಡಿಯುವವರು ಸೊಂಟದ ಅಳತೆಗೆ ಮೊದಲೇ ಪಾಲು ಹಾಕುವಂತೆ, ಇಲ್ಲಿಯೂ ಪಾಲು ಮೊದಲು, ಅಂಟು ಆಮೇಲೆ.

ಅಂಟಿಸುವ ಮೊದಲು ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜಿರಬೇಕು, ಮುಖ್ಯವಾಗಿ ಮುಂಭಾಗದಲ್ಲಿ. ಒಂದು ಉದ್ದನೆಯ ಪಟ್ಟಿಯನ್ನು ಮೂರು ನಾಲ್ಕು ಅಡ್ಡಹಲಗೆಗಳ ಮೇಲೆ ಒತ್ತಿ ಹಿಡಿದಾಗ ಅದು ಪ್ರತಿಯೊಂದಕ್ಕೂ ಪೂರ್ತಿ ಅಂಟಿಕೊಂಡು ಕೂರಬೇಕು. ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಬಿಸಿ ಇಸ್ತ್ರಿಪೆಟ್ಟಿಗೆಯ ಅಂಚಿನಲ್ಲಿ ಬಗ್ಗಿಸಿ, ಒಣಗಿದ ಮೇಲೆಯೇ ಅಂಟಿಸಿ. ಒದ್ದೆ ಮರ ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ನಮಗೆ ಇದಕ್ಕೆ ಬಹಳ ಕಾಯಬೇಕಾಗುತ್ತದೆ, ನಿಮ್ಮ ಒಣ ಹವೆಯಲ್ಲಿ ಅಷ್ಟು ಕಷ್ಟವಿಲ್ಲ.

ಮರದ ಬಗ್ಗೆ: ಸಾಗವಾನಿ ಚೂರುಗಳು ಬಡಿಗರಲ್ಲಿ ಸುಲಭವಾಗಿ ಸಿಗುತ್ತವೆ ಎಂದು ಅದನ್ನೇ ಹಿಡಿಯಬೇಡಿ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಕುಟುಂಬದವರು ಸಾಗವಾನಿಯಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ, ನಿಜ. ಆದರೆ ಮಾದರಿಯ ಅಳತೆಗೆ ಸಾಗವಾನಿಯ ಎಳೆ ಬಹಳ ದೊಡ್ಡದಾಗಿ ಕಾಣುತ್ತದೆ, ಅದರ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ, ಚಾಕುವಿನ ಮೊನೆಯೂ ಬೇಗ ಹೋಗುತ್ತದೆ. ಸಣ್ಣ ಎಳೆಯ ಮರ ಹುಡುಕಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಕೆತ್ತನೆಗೆ ಬಹಳ ಒಳ್ಳೆಯದು.

ಹಗ್ಗದ ವಿಷಯದಲ್ಲಿ ನೀವು ನಮಗಿಂತ ಭಾಗ್ಯವಂತರು. ಇಳಕಲ್ಲು, ಗುಳೇದಗುಡ್ಡ ಎರಡೂ ನಿಮ್ಮ ಜಿಲ್ಲೆಯಲ್ಲೇ ಇವೆ. ಮಗ್ಗದವರ ಹತ್ತಿರ ಉಳಿಯುವ ಹತ್ತಿ ನೂಲು, ರೇಷ್ಮೆ ನೂಲುಗಳನ್ನು ಕೇಳಿ ಕೊಂಡು ತನ್ನಿ. ದಪ್ಪ ಅಳೆಯಲು ಪೆನ್ಸಿಲಿಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ. ಸುತ್ತಿದ ಅಗಲ 10 ಮಿಲಿಮೀಟರ್ ಇದ್ದರೆ ನೂಲು ಅರ್ಧ ಮಿಲಿಮೀಟರಿನದು. ಹಳೆಯ ಹಡಗುಗಳ ಸಾಮಾನಿನ ಯಾದಿಗಳಲ್ಲಿ ಹಗ್ಗದ ಅಳತೆ ಎಂದರೆ ಸುತ್ತಳತೆ, ಅಡ್ಡಳತೆಯಲ್ಲ. 6 ಇಂಚಿನ ಹಗ್ಗ ಎಂದು ಬರೆದಿದ್ದರೆ ಅದರ ಅಡ್ಡಳತೆ ಎರಡು ಇಂಚಿಗೂ ಕಡಿಮೆ, 1:64ರಲ್ಲಿ ಮುಕ್ಕಾಲು ಮಿಲಿಮೀಟರ್. ಇದು ತಿಳಿಯದೆ ಮೂರು ಪಟ್ಟು ದಪ್ಪದ ಹಗ್ಗ ಕಟ್ಟಿದ ಮಾದರಿಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಕೂವೆಮರವನ್ನು ಬಿಗಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಹಚ್ಚುತ್ತಿದ್ದುದರಿಂದ ಅವು ಕಪ್ಪು, ಹಾಯಿ ಎಳೆಯುವ ಹಗ್ಗಗಳು ತಿಳಿಬಣ್ಣ. ಹಗ್ಗ ಹೊಸೆಯುವುದನ್ನು ಕಲಿಯಲು ಪುಂಡಿ ನಾರಿನ ಹಗ್ಗ ಹೊಸೆದು ಗೊತ್ತಿರುವ ಹಿರಿಯ ರೈತರೊಬ್ಬರನ್ನು ಕರೆತನ್ನಿ. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿದರೆ ಮೂರೂ ಕೂಡಿ ಎದುರು ದಿಕ್ಕಿಗೆ ಸುತ್ತಿಕೊಂಡು ಹಗ್ಗವಾಗುತ್ತವೆ. ದನದ ಹಗ್ಗಕ್ಕೂ ಹಡಗಿನ ಹಗ್ಗಕ್ಕೂ ಲೆಕ್ಕ ಒಂದೇ, ಅವರ ಬೆರಳು ಅದನ್ನು ಬಲ್ಲದು.

ಭಾನುವಾರದ ಕ್ರಮ ಹೀಗಿರಲಿ. ಪ್ರತಿಯೊಬ್ಬರೂ ತಮ್ಮ ಅಪೂರ್ಣ ಕೆಲಸವನ್ನು ಮೇಜಿನ ಮೇಲಿಟ್ಟು, ಎಲ್ಲಿ ನಿಂತಿದೆ ಎಂದು ಮಾತ್ರ ಹೇಳಲಿ. ಕೆಲಸ ಆಗದವರು ಬರಿಗೈಯಲ್ಲಿ ಬರಲಿ, ಕಾರಣ ಕೇಳಬೇಡಿ. ಆಮೇಲೆ ಒಬ್ಬರು ಒಂದೇ ಒಂದು ವಿದ್ಯೆ ತೋರಿಸಲಿ: ಚಾಕು ಮಸೆಯುವುದು, ಹಿತ್ತಾಳೆ ತಂತಿ ಬೆಸೆಯುವುದು, ಅರ್ಧ ಮಿಲಿಮೀಟರ್ ರಂಧ್ರ ಕೊರೆಯುವುದು. ನೋಡಿದವರೆಲ್ಲ ಅಲ್ಲಿಯೇ ಮಾಡಿ ನೋಡಬೇಕು. ಪ್ಲಾಸ್ಟಿಕ್ ಗೆಳೆಯರನ್ನು ಬೇರೆ ಮೇಜಿಗೆ ಕೂರಿಸಬೇಡಿ. ಬಣ್ಣ, ತುಕ್ಕು, ಉಪ್ಪುನೀರಿನ ಕಲೆ ತೋರಿಸುವುದರಲ್ಲಿ ಅವರೇ ಗುರುಗಳು. ಚಂದಾ ಹಣದಿಂದ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಸಣ್ಣ ವೈಸ್ ಮತ್ತು ಎಲ್ಲರಿಗೂ ಧೂಳಿನ ಮುಖಗವಸು. ಕಂಪ್ರೆಸರ್, ಏರ್‌ಬ್ರಷ್ ಎಲ್ಲ ಆಮೇಲೆ.

ವರ್ಷದಲ್ಲಿ ಒಮ್ಮೆ ಕಾರವಾರಕ್ಕೆ ಹೋಗಿ. ಟ್ಯಾಗೋರ್ ಕಡಲತೀರದಲ್ಲಿ ಕ್ಷಿಪಣಿ ನೌಕೆ ಐಎನ್‌ಎಸ್ ಚಾಪೆಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅನುಮತಿ ಕೇಳಿಕೊಂಡು, ಅಳತೆಪಟ್ಟಿಯನ್ನು ಚೌಕಟ್ಟಿನೊಳಗೆ ಹಿಡಿದು ಕಟಕಟೆ, ಏಣಿ, ಬೆಸುಗೆಯ ಗೆರೆಗಳ ಚಿತ್ರ ತೆಗೆಯಿರಿ. ಅದೇ ಕಾರವಾರದಲ್ಲಿ 2025ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಇಡೀ ಹಡಗಿಗೆ ಈಗಲೇ ಕೈ ಹಾಕಬೇಡಿ. ಮೂರು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ, ರಂಧ್ರ ಕೊರೆದು, ಇಳಕಲ್ಲಿನ ನೂಲಿನಲ್ಲಿ ಹೊಲಿದ ಒಂದು ಅಂಗೈಯಗಲದ ತುಂಡು ಮಾಡಿ. ಒಂದು ಭಾನುವಾರಕ್ಕೆ ಅದೇ ತುಂಬು ಪಾಠ.

ಪ್ರದರ್ಶನ ಖಂಡಿತ ಇಡಬಹುದು, ಮುಗಿದ ಮಾದರಿಗಳಿಗಾಗಿ ಕಾಯಬೇಡಿ. ಮೆಟ್ಟಿಲು ಮೆಟ್ಟಿಲಾದ ಒಡಲು, ಅರ್ಧ ಕೆತ್ತಿದ್ದು, ಪೂರ್ತಿಯಾದದ್ದು ಮೂರನ್ನೂ ಸಾಲಾಗಿ ಇಟ್ಟರೆ ಶಾಲೆಯ ಮಕ್ಕಳಿಗೆ ಕೆಲಸವೇ ಕಾಣುತ್ತದೆ. ಕಿಟ್ಟಿನ ಹಡಗು ಮುಗಿದು ಗಾಜಿನ ಪೆಟ್ಟಿಗೆಗೆ ಹೋಗುವ ದಿನಕ್ಕೆ ಒಂದು ಮಾತು: ತೋಪುಗಳು ಸೀಸದವಾಗಿದ್ದರೆ ಬದಲಿಸಿ. ಪ್ಲೈವುಡ್, ಎಂಡಿಎಫ್‌ಗಳಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೀಸವನ್ನು ಬಿಳಿ ಪುಡಿಯಾಗಿಸುತ್ತದೆ. ಹಿತ್ತಾಳೆಯ ತೋಪುಗಳನ್ನು ಬೆಳಗಾವಿಯ ಲೇತ್‌ನವರಿಂದ ಮಾಡಿಸಿಕೊಡುವ ಹೊಣೆ ನಮ್ಮದು, ಅಳತೆ ಕಳಿಸಿ ಸಾಕು.

ನಕ್ಷೆ ಆರಿಸಿದ ಮೇಲೆ ಮುದ್ರಿಸುವ ಮೊದಲು ಇಲ್ಲಿ ಹಾಕಿ. ಮುದ್ರಿಸಿದ ಮೇಲೆ ಅದರ ಅಳತೆಗೆರೆಯನ್ನು ಉದ್ದಕ್ಕೂ ಅಡ್ಡಕ್ಕೂ ಪಟ್ಟಿ ಹಿಡಿದು ಪರೀಕ್ಷಿಸಿ. ಜೆರಾಕ್ಸ್ ಯಂತ್ರ ಎರಡು ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಎಂದು ನಂಬಬೇಡಿ.