ಕಲಿಯುಗದಲ್ಲಿ ವರ್ಜ್ಯ: ಹಾಗೆಂದು ತೀರ್ಮಾನಿಸಿದವರು ಯಾರು?

ಪ್ರಶ್ನೆ: ತಂದೆಯವರ ವರ್ಷಾಬ್ದಿಕದ ದಿನ ಪುರೋಹಿತರು ಮಾತಿನ ನಡುವೆ, ‘ಹಿಂದಿನ ಯುಗಗಳಲ್ಲಿ ಶ್ರಾದ್ಧಕ್ಕೆ ಮಾಂಸ ವಿಹಿತವಾಗಿತ್ತು, ಕಲಿಯಲ್ಲಿ ಅದು ವರ್ಜ್ಯ’ ಎಂದರು. ಧರ್ಮ ಸನಾತನ ಎನ್ನುತ್ತೇವೆ. ಒಂದು ಯುಗದ ವಿಧಿ ಇನ್ನೊಂದು ಯುಗದಲ್ಲಿ ನಿಷೇಧವಾಗುವುದು ಹೇಗೆ? ಬದಲಿಸುವ ಅಧಿಕಾರ ಯಾರಿಗಿತ್ತು?

ಉತ್ತರ: ಪುರೋಹಿತರು ಹೇಳಿದ್ದು ನಿಜ. ಮನುಸ್ಮೃತಿಯ ಮೂರನೆಯ ಅಧ್ಯಾಯ ತೆರೆದು ನೋಡಿ. ಮೀನಿನಿಂದ ಪಿತೃಗಳಿಗೆ ಎರಡು ತಿಂಗಳು ತೃಪ್ತಿ, ಜಿಂಕೆಯ ಮಾಂಸದಿಂದ ಮೂರು ತಿಂಗಳು ಎಂದು ಪಟ್ಟಿಯೇ ಇದೆ. ಅದೇ ಮನು ಮೊದಲ ಅಧ್ಯಾಯದಲ್ಲಿ, ಕೃತಯುಗದ ಧರ್ಮಗಳು ಬೇರೆ, ತ್ರೇತೆಯವು ಬೇರೆ, ದ್ವಾಪರದವು ಬೇರೆ, ಕಲಿಯವು ಬೇರೆ ಎನ್ನುತ್ತಾನೆ. ಕೃತದಲ್ಲಿ ತಪಸ್ಸು, ತ್ರೇತೆಯಲ್ಲಿ ಜ್ಞಾನ, ದ್ವಾಪರದಲ್ಲಿ ಯಜ್ಞ, ಕಲಿಯಲ್ಲಿ ದಾನ ಮುಖ್ಯ. ಧರ್ಮ ಬದಲಾಗುತ್ತದೆ ಎಂಬುದು ಆಧುನಿಕರು ತಂದು ಸೇರಿಸಿದ ಮಾತಲ್ಲ ಎಂದು ಇಷ್ಟರಿಂದಲೇ ತಿಳಿಯುತ್ತದೆ.

ಬದಲಾಗುವ ಬಗೆ ಎಂಥದು ಎಂಬುದಕ್ಕೆ ಪರಾಶರಸ್ಮೃತಿಯಲ್ಲಿ ಸೊಗಸಾದ ಉದಾಹರಣೆಯಿದೆ. ಪತಿತನಾದವನ ಸಂಸರ್ಗ ತಪ್ಪಿಸಲು ಕೃತಯುಗದಲ್ಲಿ ಅವನಿರುವ ದೇಶವನ್ನೇ ಬಿಡಬೇಕಿತ್ತು, ತ್ರೇತೆಯಲ್ಲಿ ಗ್ರಾಮವನ್ನು, ದ್ವಾಪರದಲ್ಲಿ ಅವನ ಕುಲವನ್ನು. ಕಲಿಯಲ್ಲಿ ತಪ್ಪು ಮಾಡಿದವನೊಬ್ಬನನ್ನು ಬಿಟ್ಟರೆ ಸಾಕು. ಕಲಿಯುಗವೆಂದರೆ ಬರೀ ಅಧಃಪತನ ಎಂದುಕೊಂಡವರು ಈ ಶ್ಲೋಕವನ್ನು ನಿಧಾನವಾಗಿ ಓದಬೇಕು. ಒಬ್ಬನ ತಪ್ಪಿಗೆ ಅವನ ಮನೆಮಂದಿಯನ್ನೆಲ್ಲ ದೂರವಿಡುವುದು ಇಲ್ಲಿಗೆ ನಿಂತಿದೆ.

ಇನ್ನು ‘ಕಲಿವರ್ಜ್ಯ’, ಅಂದರೆ ಕಲಿಯುಗದಲ್ಲಿ ಬಿಡಬೇಕಾದ ಕರ್ಮಗಳು. ಹೆಚ್ಚು ಪ್ರಚಾರದಲ್ಲಿರುವ ಶ್ಲೋಕ ಐದು ಕರ್ಮಗಳನ್ನು ಹೆಸರಿಸುತ್ತದೆ: ಅಶ್ವಮೇಧ, ಯಜ್ಞದಲ್ಲಿ ಗೋವಧೆ, ಸಂನ್ಯಾಸ, ಶ್ರಾದ್ಧದಲ್ಲಿ ಮಾಂಸ, ಮೈದುನನಿಂದ ಸಂತಾನ. ಕಾಲ ಕಳೆದಂತೆ ಪಟ್ಟಿ ಬೆಳೆಯಿತು. ನಿಬಂಧಕಾರರು, ಅಂದರೆ ಧರ್ಮಶಾಸ್ತ್ರದ ವಚನಗಳನ್ನು ಸಂಗ್ರಹಿಸಿ ಗ್ರಂಥ ಬರೆದವರು, ಬೇರೆ ಬೇರೆ ಕಡೆ ಹೇಳಿರುವುದನ್ನೆಲ್ಲ ಕೂಡಿಸಿದರೆ ಐವತ್ತನ್ನೂ ಮೀರುತ್ತದೆ.

ಇಂಥ ಒಂದು ದೊಡ್ಡ ಪಟ್ಟಿಯ ಕೊನೆಯಲ್ಲಿರುವ ಮಾತುಗಳಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ‘ಏತಾನಿ ಲೋಕಗುಪ್ತ್ಯರ್ಥಂ ಕಲೇರಾದೌ ಮಹಾತ್ಮಭಿಃ ನಿವರ್ತಿತಾನಿ ಕರ್ಮಾಣಿ ವ್ಯವಸ್ಥಾಪೂರ್ವಕಂ ಬುಧೈಃ.’ ಲೋಕದ ರಕ್ಷಣೆಗಾಗಿ, ಕಲಿಯ ಆರಂಭದಲ್ಲಿ, ತಿಳಿದವರು ವ್ಯವಸ್ಥೆ ಮಾಡಿ ಈ ಕರ್ಮಗಳನ್ನು ನಿಲ್ಲಿಸಿದರು. ಮುಂದಿನ ಸಾಲು ಇನ್ನೂ ಗಟ್ಟಿ: ಸಾಧುಗಳ ಒಮ್ಮತದ ಕಟ್ಟುಪಾಡೂ ವೇದದಂತೆಯೇ ಪ್ರಮಾಣ. ಆಕಾಶವಾಣಿಯಾಗಿ ನಿಷೇಧ ಬಂತೆಂದು ಶಾಸ್ತ್ರ ಹೇಳುತ್ತಿಲ್ಲ. ವಿದ್ವಾಂಸರು ಕುಳಿತು ತೀರ್ಮಾನಿಸಿದರು, ಜನಹಿತವೇ ಅದಕ್ಕೆ ಕಾರಣ ಎಂದು ಬಾಯಿಬಿಟ್ಟು ಹೇಳುತ್ತಿದೆ. ಯುಗಧರ್ಮದ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಮಾತು ಇದು. ಉಪನ್ಯಾಸಗಳಲ್ಲಿ ಇದನ್ನು ಬಿಟ್ಟು ಬರೀ ಪಟ್ಟಿ ಓದುವುದನ್ನು ಕೇಳಿದಾಗ ಸಂಕಟವಾಗುತ್ತದೆ.

ಈ ವಿಚಾರ ಕಾರ್ಯರೂಪಕ್ಕೆ ಬಂದದ್ದನ್ನು ನೋಡಬೇಕಾದರೆ ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನವಾದ ಮಿತಾಕ್ಷರವನ್ನು ಓದಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಪಂಡಿತ ಅವನು. ಆಸ್ತಿಯಲ್ಲಿ ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಿಧಿ ಸ್ಮೃತಿಗಳಲ್ಲಿ ಸ್ಪಷ್ಟವಾಗಿದೆ. ವಿಜ್ಞಾನೇಶ್ವರ ಅದನ್ನು ಅಲ್ಲಗಳೆಯುವುದಿಲ್ಲ. ಶಾಸ್ತ್ರದಲ್ಲಿರುವುದು ಹೌದು, ಆದರೆ ಲೋಕಕ್ಕೆ ಅಸಹ್ಯವಾದದ್ದನ್ನು ಶಾಸ್ತ್ರೋಕ್ತವಾದರೂ ಆಚರಿಸಬಾರದೆಂದು ಯಾಜ್ಞವಲ್ಕ್ಯನೇ ಹೇಳಿದ್ದಾನಲ್ಲ ಎಂದು ಕೇಳುತ್ತಾನೆ. ಯಜ್ಞದಲ್ಲಿ ಗೋವಧೆಗೆ ವಿಧಿಯಿದ್ದರೂ ಈಗ ಯಾರೂ ಮಾಡುವುದಿಲ್ಲ, ನಿಯೋಗವೂ (ಮೈದುನ ಮೊದಲಾದವರಿಂದ ಸಂತಾನ ಪಡೆಯುವುದು) ನಿಂತಿದೆ, ಹಾಗೆಯೇ ಈ ವಿಷಮ ವಿಭಾಗವೂ ಎಂದು ಅಣ್ಣತಮ್ಮಂದಿರಿಗೆ ಸಮಪಾಲನ್ನು ಎತ್ತಿಹಿಡಿಯುತ್ತಾನೆ. ಶಾಸ್ತ್ರಕ್ಕೆ ನಿಷ್ಠನಾಗಿದ್ದುಕೊಂಡೇ ಜನರ ವಿವೇಕಕ್ಕೆ ಬೆಲೆಕೊಟ್ಟ ಈ ಕ್ರಮವನ್ನು ನಾನು ತುಂಬ ಗೌರವಿಸುತ್ತೇನೆ.

ನಿಯೋಗದ ವಿಷಯದಲ್ಲಿ ಮನುವಿನಲ್ಲೇ ಇಬ್ಬಗೆಯಿದೆ. ಒಂಬತ್ತನೆಯ ಅಧ್ಯಾಯದಲ್ಲಿ ಮೊದಲು ಅನುಮತಿ, ಕೆಲವೇ ಶ್ಲೋಕಗಳ ಬಳಿಕ ಖಂಡನೆ. ಧೃತರಾಷ್ಟ್ರ, ಪಾಂಡು ಇಬ್ಬರೂ ನಿಯೋಗದಿಂದಲೇ ಹುಟ್ಟಿದವರು. ಯುಗಕ್ರಮದಿಂದ ಜನರ ಶಕ್ತಿ ಕುಂದಿದೆ, ಆದ್ದರಿಂದ ಅದೀಗ ಅಶಕ್ಯ ಎಂದು ಸ್ಮೃತಿಕಾರ ಬೃಹಸ್ಪತಿ ಈ ವಿರೋಧವನ್ನು ಪರಿಹರಿಸುತ್ತಾನೆ. ಹಿಂದಿನವರನ್ನು ನಿಂದಿಸದೆ, ಇಂದಿನವರಿಗೆ ದಾರಿ ತಪ್ಪದಂತೆ ನೋಡಿಕೊಳ್ಳುವ ಉಪಾಯ ಇದು.

ಪ್ರಶ್ನೆ: ಸಂನ್ಯಾಸವೂ ಕಲಿವರ್ಜ್ಯವಾದರೆ ನಮ್ಮ ಮಠಗಳ ಯತಿಪರಂಪರೆಗೆ ಆಧಾರವೇನು?

ಉತ್ತರ: ನಿಷೇಧಕ್ಕೆ ಅಪವಾದವೂ ಶಾಸ್ತ್ರದಲ್ಲೇ ಇದೆ. ವರ್ಣವಿಭಾಗ ಇರುವವರೆಗೆ, ವೇದ ನಡೆಯುತ್ತಿರುವವರೆಗೆ ಕಲಿಯುಗದಲ್ಲೂ ಸಂನ್ಯಾಸ ಮತ್ತು ಅಗ್ನಿಹೋತ್ರಗಳನ್ನು ಮಾಡಬಹುದು ಎಂಬ ವಚನವನ್ನು ನಿಬಂಧಕಾರರು ಉಲ್ಲೇಖಿಸುತ್ತಾರೆ. ಕಲಿಯ 4,400 ವರ್ಷ ಕಳೆದ ಮೇಲೆ ಸಂನ್ಯಾಸ ಬೇಡ ಎನ್ನುವ ಇನ್ನೊಂದು ವಚನವೂ ಇದೆ. ಕಲಿಯ ಆರಂಭವನ್ನು ಕ್ರಿ.ಪೂ. 3102 ಎಂದು ಎಣಿಸುವುದರಿಂದ ಆ ಗಡುವು ಸುಮಾರು ಕ್ರಿ.ಶ. 1299ಕ್ಕೇ ಮುಗಿಯಿತು. ಶೃಂಗೇರಿಯಲ್ಲಾಗಲಿ ಉಡುಪಿಯಲ್ಲಾಗಲಿ ಪರಂಪರೆ ನಿಲ್ಲಲಿಲ್ಲ. ಶಿಷ್ಟರು ಒಪ್ಪಿ ನಡೆಸಿಕೊಂಡು ಬಂದ ಆಚಾರದ ಎದುರು ಪಟ್ಟಿಯ ಒಂದು ಪದ ಹಿಂದೆ ಸರಿಯಿತು.

ಪ್ರಶ್ನೆ: ನನ್ನ ತಂಗಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಾಳೆ. ಮರುಮದುವೆಯ ಮಾತೆತ್ತಿದರೆ ಮನೆಯ ಹಿರಿಯರು ‘ಕಲಿಯಲ್ಲಿ ನಿಷಿದ್ಧ’ ಎನ್ನುತ್ತಾರೆ. ನಿಜವೇ?

ಉತ್ತರ: ಹಿರಿಯರು ಹೇಳುವ ಮಾತಿಗೆ ಆಧಾರವಿಲ್ಲವೆಂದಲ್ಲ, ಆದರೆ ಅದು ಅರ್ಧ ಮಾತು. ಕಲಿಯುಗಕ್ಕೆ ಪರಾಶರನ ಧರ್ಮವೇ ಪ್ರಮಾಣವೆಂದು ಪರಾಶರಸ್ಮೃತಿ ತನ್ನ ಮೊದಲ ಅಧ್ಯಾಯದಲ್ಲೇ ಸಾರುತ್ತದೆ. ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ, ಗಂಡ ಕಾಣೆಯಾದರೆ, ಸತ್ತರೆ, ಸಂನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ, ಈ ಐದು ಆಪತ್ತುಗಳಲ್ಲಿ ಹೆಣ್ಣಿಗೆ ಬೇರೆ ಪತಿ ವಿಹಿತ ಎಂಬ ಶ್ಲೋಕವಿದೆ.

ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಇದಕ್ಕೆ ವ್ಯಾಖ್ಯಾನ ಬರೆದ ಮಾಧವಾಚಾರ್ಯರು, ಸಾಯಣಾಚಾರ್ಯರ ಅಣ್ಣ, ಈ ಪುನರ್ವಿವಾಹ ಬೇರೆ ಯುಗಕ್ಕೆ ಸಂಬಂಧಿಸಿದ್ದು ಎಂದರು. ಮಹಾವಿದ್ವಾಂಸರಾದ ಅವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಕಲಿಗಾಗಿಯೇ ಹೇಳುತ್ತೇನೆಂದ ಸ್ಮೃತಿಯ ವಿಧಿಯನ್ನು ಕಲಿಗಲ್ಲ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. 1855ರಲ್ಲಿ ಬಂಗಾಳದ ಸಮಾಜ ಸುಧಾರಕ ಈಶ್ವರಚಂದ್ರ ವಿದ್ಯಾಸಾಗರರು ಹಿಡಿದದ್ದು ಇದೇ ಎಳೆಯನ್ನು. ಮರುವರ್ಷ, 1856ರಲ್ಲಿ, ವಿಧವಾ ಪುನರ್ವಿವಾಹ ಕಾಯಿದೆ ಬಂತು. ನಿಮ್ಮ ಹಿರಿಯರ ಮುಂದೆ ವಾದಕ್ಕಿಳಿಯುವ ಬದಲು ಆ ಎರಡು ಅಧ್ಯಾಯಗಳನ್ನು ಅವರ ಕೈಗೇ ಕೊಟ್ಟು ಓದಿಸಿ. ಶಾಸ್ತ್ರದ ಮೇಲಿನ ಪ್ರೀತಿಯಿಂದ ಬೇಡವೆನ್ನುತ್ತಿರುವವರು ಶಾಸ್ತ್ರದ ಮಾತನ್ನು ಕೇಳುತ್ತಾರೆ. ಆದರೆ ಮದುವೆ ಬೇಕೋ ಬೇಡವೋ ಎಂದು ತಂಗಿಯನ್ನೇ ಮೊದಲು ಕೇಳಿ.

ನಿಷೇಧಗಳೆಲ್ಲ ಕರುಣೆಯಿಂದಲೇ ಬಂದವೆಂದು ನಾನು ಹೇಳಲಾರೆ. ಸಮುದ್ರಯಾನಕ್ಕೆ ಬೌಧಾಯನ ಧರ್ಮಸೂತ್ರ ಮೂರು ವರ್ಷದ ಪ್ರಾಯಶ್ಚಿತ್ತ ಹೇಳಿ ದಾರಿ ತೆರೆದಿಟ್ಟಿತ್ತು. ಹಡಗೇರಿ ಬಂದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನನ್ನು ಸೇರಿಸಿಕೊಳ್ಳಬಾರದೆಂದು ಕಲಿವರ್ಜ್ಯದ ಪಟ್ಟಿ ಆ ಬಾಗಿಲನ್ನೇ ಮುಚ್ಚಿತು. ಇಂದು ವಿದೇಶದಿಂದ ಬಂದ ಮಕ್ಕಳಿಗೆ ಅದೇ ಮನೆಗಳಲ್ಲಿ ಆರತಿ ಎತ್ತುತ್ತಾರೆ. ಕಲಿ ಮುಗಿದಿಲ್ಲ, ನಿಷೇಧ ಮಾತ್ರ ಬಿದ್ದುಹೋಗಿದೆ.

ಪ್ರಶ್ನೆ: ಹಾಗಾದರೆ ಯಾರು ಬೇಕಾದರೂ ಏನು ಬೇಕಾದರೂ ಬದಲಿಸಬಹುದೇ?

ಉತ್ತರ: ಇಲ್ಲ. ಅಹಿಂಸೆ, ಸತ್ಯ, ಕದಿಯದಿರುವುದು, ಶೌಚ, ಇಂದ್ರಿಯನಿಗ್ರಹ ಇವು ನಾಲ್ಕು ವರ್ಣಕ್ಕೂ ಸಮಾನವೆಂದು ಮನು ಹೇಳುತ್ತಾನೆ. ಯಾವ ಕಲಿವರ್ಜ್ಯದ ಪಟ್ಟಿಯೂ ಇವುಗಳನ್ನು ಮುಟ್ಟಿಲ್ಲ. ಹಿಂದಿನ ಮಹಾಪುರುಷರಲ್ಲೂ ಧರ್ಮವ್ಯತಿಕ್ರಮ ಕಂಡಿದೆ, ಅವರ ತೇಜಸ್ಸಿಗೆ ಅದು ದೋಷವಾಗಲಿಲ್ಲ, ಅದನ್ನು ನೋಡಿ ನಾವೂ ಮಾಡಹೊರಟರೆ ಕೆಡುತ್ತೇವೆ ಎಂಬ ಧರ್ಮಸೂತ್ರಕಾರ ಆಪಸ್ತಂಬನ ಎಚ್ಚರಿಕೆಯೂ ಇದೆ. ಯುಗದ ಹೆಸರು ಹೇಳಿ ನುಣುಚಿಕೊಳ್ಳುವವರಿಗೆ ಮಹಾಭಾರತದಲ್ಲೇ ಉತ್ತರ ಸಿಗುತ್ತದೆ. ಕಾಲ ರಾಜನಿಗೆ ಕಾರಣವೋ, ರಾಜ ಕಾಲಕ್ಕೆ ಕಾರಣವೋ ಎಂಬ ಸಂಶಯವೇ ಬೇಡ, ರಾಜನೇ ಕಾಲಕ್ಕೆ ಕಾರಣ ಎನ್ನುತ್ತದೆ ಅದು. ಮನು ಇನ್ನೂ ಮುಂದೆ ಹೋಗಿ, ರಾಜ ಮಲಗಿದ್ದರೆ ಕಲಿ, ಎಚ್ಚೆತ್ತರೆ ದ್ವಾಪರ, ಕೆಲಸಕ್ಕೆ ಎದ್ದರೆ ತ್ರೇತೆ, ನಡೆದರೆ ಕೃತ ಎನ್ನುತ್ತಾನೆ.