ಆಂಡಲೂಸಿಯಾದಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತವಾ? ಊಟದ ಹೊತ್ತು ಯಾವುದು?

ಹೌದು, ದಕ್ಷಿಣ ಸ್ಪೇನಿನ ಈ ಕಡೆ ಚಿಕ್ಕ ಅಂಗಡಿಗಳು ಸುಮಾರು 2ರಿಂದ 5ರವರೆಗೆ ಬಾಗಿಲು ಹಾಕಿರುತ್ತವೆ. ಸೋಮಾರಿತನ ಅಂದುಕೊಳ್ಳಬೇಡಿ. ಆಂಡಲೂಸಿಯಾದ ದೊಡ್ಡ ನಗರ ಸೆವಿಲ್‌ನಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅಲ್ಲಿನ ಸಿಯೆರ್ಪೆಸ್ ಬೀದಿಯಲ್ಲಿ ಎರಡೂ ಬದಿಯ ಕಟ್ಟಡಗಳ ನಡುವೆ ಬಟ್ಟೆ ಎಳೆದು ಕಟ್ಟಿರುತ್ತಾರೆ, ನಮ್ಮ ಮದುವೆಮನೆ ಶಾಮಿಯಾನದ ಹಾಗೆ.

ಇನ್ನೊಂದು ಕಾರಣ ಗಡಿಯಾರ. ಸೆವಿಲ್ ಇರುವುದು ಲಂಡನ್‌ಗಿಂತ ಪಶ್ಚಿಮಕ್ಕೆ, ಅಂದರೆ ಸೂರ್ಯ ಅಲ್ಲಿ ನೆತ್ತಿಗೆ ಬರುವುದು ಲಂಡನ್‌ಗಿಂತ ತಡ. ಆದರೆ ಸ್ಪೇನ್ 1940ರಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದು, ಈಗಲೂ ಜರ್ಮನಿಯ ಸಮಯವೇ ನಡೆಯುತ್ತಿದೆ. ಹಾಗಾಗಿ ಜುಲೈನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಎರಡೂವರೆ ಹೊತ್ತಿಗೆ, ಮುಳುಗುವುದು ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ! ಮಧ್ಯಾಹ್ನದ ಊಟ 2ರ ಮೇಲೆ, ರಾತ್ರಿಯದು 9ರ ಮೇಲೆ. ಏಳಕ್ಕೇ ಹಸಿವಾಯಿತು ಅಂತ ಹೋದರೆ ಎಷ್ಟೋ ಕಡೆ ಒಲೆಯೇ ಹತ್ತಿಸಿರುವುದಿಲ್ಲ.

ಸಸ್ಯಾಹಾರಿಗಳಾದರೆ ಗಾಸ್ಪಾಚೊ ಕೇಳಿ. ಟೊಮೆಟೊ, ಸೌತೆಕಾಯಿ, ಬೆಳ್ಳುಳ್ಳಿ ರುಬ್ಬಿದ ತಣ್ಣನೆ ಸೂಪು. ಕೊರ್ಡೋಬಾದ ಸಾಲ್ಮೊರೇಹೊ ಇನ್ನೂ ಗಟ್ಟಿ, ನನಗೆ ಅದೇ ಜಾಸ್ತಿ ಇಷ್ಟ. ಆದರೆ ಮೇಲೆ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸುತ್ತಾರೆ, ಮೊದಲೇ ಬೇಡ ಅನ್ನಿ.

ಗ್ರನಾಡಾ ನಗರದ ಅಲ್ಹಾಂಬ್ರಾ ಕೋಟೆ-ಅರಮನೆಯ ಟಿಕೆಟ್ ಮಾತ್ರ ಊರಿಂದ ಹೊರಡುವ ಮೊದಲೇ ಮಾಡಿಸಿಬಿಡಿ. ಅಲ್ಲಿ ಹೋಗಿ ನೋಡೋಣ ಅಂದರೆ ಸಿಗುವುದು ಕಷ್ಟ.